ಉಡುಪಿ ಸೀಮೆಯಲ್ಲಿ ಶೇಷದ ಸಂಚಾರ

ಉಡುಪಿಗೆ ಬರುವ ಯಾತ್ರಿಕರು ಕನಕನ ಕಿಂಡಿಯಲ್ಲಿ ಶ್ರೀಕೃಷ್ಣನ ದರ್ಶನ ಮಾಡಿ, ಮಠದ ಭೋಜನವನ್ನು ತೀರಿಸಿ, ಹೊತ್ತಿದ್ದರೆ ಮಲ್ಪೆಯ ಕಡಲಿಗೂ ಕಾರ್ಕಳದ ಗೊಮ್ಮಟನಿಗೂ ಹೋಗಿ ಬರುವುದು ವಾಡಿಕೆ. ಆ ದಾರಿಯ ವರ್ಣನೆಗಳು ಬೇಕಾದಷ್ಟು ಅಚ್ಚಾಗಿವೆ. ನಾವು ಈಚೆಗೆ ಎರಡು ದಿನ ಅದೇ ಸೀಮೆಯಲ್ಲಿ ಸಂಚರಿಸಿದುದು ಬೇರೊಂದು ಕುತೂಹಲದಿಂದ. ಒಂದು ಕಸುಬಿನವರು ಬೇಡವೆಂದು ಬಿಟ್ಟುದನ್ನು ಇನ್ನೊಂದು ಕಸುಬಿನವರು ಬೆಲೆ ಕೊಟ್ಟು ಕೊಳ್ಳುವುದು, ಅವರು ಬಿಟ್ಟುದನ್ನು ಮೂರನೆಯವರು ಒಯ್ಯುವುದು, ಹೀಗೆ ಪದಾರ್ಥವು ಕೈಯಿಂದ ಕೈಗೆ ಸುತ್ತುತ್ತ ಬರುವ ಏರ್ಪಾಟಿಗೆ ಈಗಿನ ಅರ್ಥಶಾಸ್ತ್ರಜ್ಞರು ವರ್ತುಲ ಅರ್ಥವ್ಯವಸ್ಥೆ ಎಂದು ಹೆಸರಿಟ್ಟಿರುವರು. ಒಂದೊಂದು ಕಂಪನಿ ಒಂಟಿಯಾಗಿ ಇದನ್ನು ಸಾಧಿಸಲಾರದು, ಹಲವರು ಕೂಡಿಯೇ ನಡೆಸಬೇಕು ಎಂದೂ ಅವರು ಹೇಳುತ್ತಾರೆ. ಈ ಮಾತು ನಮ್ಮ ಸೀಮೆಯಲ್ಲಿ ಎಷ್ಟರ ಮಟ್ಟಿಗೆ ನಿಜವಾಗಿದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದು ಹೊರಟೆವು.

ಹೊರಡುವ ಮುಂಚೆ ಒಂದು ಶಬ್ದವಿಚಾರ. ವಾಚಕರು ಹಳೆಯ ಉಪಾಧ್ಯಾಯರ ಚಾಳಿಯೆಂದು ಕ್ಷಮಿಸಬೇಕು. ಸಂಸ್ಕೃತದಲ್ಲಿ ಉಳಿದುದಕ್ಕೆ ಎರಡು ಹೆಸರುಗಳುಂಟು: ಒಂದು ಶೇಷ, ಇನ್ನೊಂದು ಉಚ್ಛಿಷ್ಟ. ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಶೇಷವೆಂದರೆ ಯಜ್ಞದಲ್ಲಿ ಉಳಿದ ಹವಿಸ್ಸು, ದೇವರ ಮುಡಿಯಿಂದ ಇಳಿದ ಹೂವು, ವಿಷ್ಣುವಿಗೆ ಹಾಸಿಗೆಯಾದ ಸರ್ಪ. ಉಚ್ಛಿಷ್ಟವೆಂದರೆ ಎಂಜಲು. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಮಾತ್ರ ಋಷಿಯು ಆ ಉಚ್ಛಿಷ್ಟವನ್ನೇ ಒಂದು ಸೂಕ್ತವಾಗಿ ಸ್ತುತಿಸಿ, ಜಗತ್ತೆಲ್ಲವೂ ಅದರಲ್ಲಿ ನೆಲೆಸಿದೆಯೆಂದು ಹೇಳಿರುವನು. ಉಳಿದ ಪದಾರ್ಥವು ಯಾವಾಗ ಶೇಷ, ಯಾವಾಗ ಎಂಜಲು? ತೆಗೆದುಕೊಳ್ಳುವವನು ಇದ್ದಾನೋ ಇಲ್ಲವೋ ಎಂಬುದರ ಮೇಲೆ ಎಂದು ನಮಗೆ ತೋರುತ್ತದೆ. ಈ ಸಂಚಾರದುದ್ದಕ್ಕೂ ನಮ್ಮ ತಲೆಯಲ್ಲಿದ್ದುದು ಇದೊಂದೇ ಪ್ರಶ್ನೆ.

ಉಡುಪಿಯಿಂದ ಮಣಿಪಾಲಕ್ಕೆ ಐದು ಕಿಲೋಮೀಟರು ಏರುದಾರಿ. ಒಂದಾನೊಂದು ಕಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಹುಟ್ಟಿ, ಈಗ ಅದು ದೇಶ ದೇಶಗಳ ವಿದ್ಯಾರ್ಥಿಗಳಿಂದ ತುಂಬಿದ ಪಟ್ಟಣ. ಹೊಸ ಉದ್ಯಮಗಳನ್ನು ಸಾಕಿ ಬೆಳೆಸುವ ಕೇಂದ್ರವೂ ಅಲ್ಲಿ ಇದೆ. ಅದರ ವಿಷಯವನ್ನು ತಿಳಿದವರು ಬರೆಯಲಿ. ನಮ್ಮ ಪ್ರಶ್ನೆಗೆ ಬೇಕಾದುದು ಇವೆಲ್ಲಕ್ಕಿಂತ ಹಳೆಯದೊಂದು ಸಂಗತಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ ಈ ಮೂವರು 8,000 ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕಸುಬು ಕುಸಿದು ಕಂಗಾಲಾಗಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಮೊದಲ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಮನುಷ್ಯನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದನು. ಮನೆಯಲ್ಲಿದ್ದರೆ ಎರಡಾಣೆ ವೀಳ್ಯದೆಲೆಗೆ ಮುಗಿದುಹೋಗುವ ಚಿಲ್ಲರೆ. ಸಾವಿರ ಬಾಗಿಲುಗಳ ಎರಡಾಣೆ ಒಂದೆಡೆ ಸೇರಿದರೆ ಅದೇ ಬಂಡವಾಳ. ಆ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಿಂದ ದೇಶವ್ಯಾಪಿಯಾಗಿ ಬೆಳೆದು, 2020ರ ಎಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಕಸದ ಪ್ರಸಂಗದಲ್ಲಿ ಬ್ಯಾಂಕಿನ ಮಾತೇಕೆ ಎಂದು ಕೇಳುವವರು ನಿಟ್ಟೆಯವರೆಗೆ ನಮ್ಮೊಡನೆ ಬರಬೇಕು.

ಮಣಿಪಾಲದಿಂದ ಪರ್ಕಳ, ಹಿರಿಯಡಕ, ಬೈಲೂರು ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸನ್ನು ಹಿಡಿದೆವು. ನಮ್ಮ ಹಳೆಯ ಶಿಷ್ಯನೊಬ್ಬನು ಆ ಕಡೆಯ ಗೇರುಬೀಜದ ಕಾರಖಾನೆಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವನು. ಅವನೇ ನಮಗೆ ಮಾರ್ಗದರ್ಶಿ. ದಾರಿಯಲ್ಲಿ ಒಂದು ಅಕ್ಕಿಯ ಮಿಲ್ಲಿನ ಮುಂದೆ ನಮ್ಮನ್ನು ಇಳಿಸಿ, "ಮಾಷ್ಟ್ರೇ, ಮೊದಲು ಇದನ್ನು ನೋಡಿ, ಆಮೇಲೆ ನಮ್ಮದು" ಎಂದನು. ಕರಾವಳಿಯವರು ಉಣ್ಣುವ ಕುಚ್ಚಲಕ್ಕಿಗೆ ಭತ್ತವನ್ನು ಬೇಯಿಸಬೇಕು. ಬೇಯಿಸುವ ಹಬೆಗೆ ಸೌದೆ ಯಾವುದು? ಅದೇ ಭತ್ತದ ಉಮಿ. ಭತ್ತದ ತೂಕದಲ್ಲಿ ಐದನೆಯ ಒಂದು ಪಾಲು ಉಮಿಯೇ ಆಗಿರುವುದರಿಂದ ಮಿಲ್ಲಿಗೆ ಹೊರಗಿನ ಸೌದೆಯ ಹಂಗು ಕಡಿಮೆ. ತೌಡು ಎಣ್ಣೆ ತೆಗೆಯುವ ಕಾರಖಾನೆಗೆ, ಇಲ್ಲವೆ ಹಟ್ಟಿಯ ಹಸುವಿಗೆ, ನುಚ್ಚು ಕೋಳಿಗೆ. ಇದರಲ್ಲಿ ಹೊಸದೇನೂ ಇಲ್ಲವೆಂದು ಗೃಹಿಣಿಯರು ನಗಬಹುದು. ಹೊಸದಲ್ಲದುದರಿಂದಲೇ ಅದು ನಿಂತಿದೆ.

ಗೇರುಬೀಜದ ಕಥೆ ಇದಕ್ಕಿಂತ ಜಟಿಲವಾದುದು, ರುಚಿಕರವಾದುದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ಈ ಮರವನ್ನು ಪಶ್ಚಿಮ ತೀರಕ್ಕೆ ತಂದರು. ನಮ್ಮವರು ಅದಕ್ಕೆ ಗೇರು ಎಂಬ ಹಳೆಯ ಹೆಸರನ್ನೇ ಕೊಟ್ಟರು. ಆ ಹೆಸರು ಮೊದಲಿಗೆ ಭಲ್ಲಾತಕದ್ದು. ಅಗಸನು ಬಟ್ಟೆಗೆ ಗುರುತು ಹಾಕುತ್ತಿದ್ದ ಕಪ್ಪುರಸದ ಕಾಯಿ ಅದು. ಹೆಸರಿಟ್ಟ ಹಿರಿಯರು ಸಸ್ಯಶಾಸ್ತ್ರವನ್ನು ಓದಿದವರಲ್ಲ, ಆದರೂ ತಪ್ಪಲಿಲ್ಲ: ಎರಡು ಮರಗಳೂ ಮಾವಿನೊಡನೆ ಒಂದೇ ಕುಟುಂಬಕ್ಕೆ ಸೇರಿದವು, ಎರಡರ ಕಾಯಿಯ ರಸವೂ ಚರ್ಮವನ್ನು ಸುಡುತ್ತದೆ.

ಬೀಜವನ್ನು ಈ ವ್ಯಾಪಾರದಲ್ಲಿ 80 ಕಿಲೋವಿನ ಮೂಟೆಯಾಗಿ ಎಣಿಸುತ್ತಾರೆ. ಮೂಟೆಯ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಚಿಪ್ಪನ್ನು ಕತ್ತರಿಸಿ, ತಿರುಳನ್ನು ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿಸಿ, ಮೇಲಿನ ಕೆಂಪು ಸಿಪ್ಪೆಯನ್ನು ಸುಲಿದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಒಳ್ಳೆಯ ಮೂಟೆಯಾದರೆ ಇಪ್ಪತ್ತರಿಂದ ಇಪ್ಪತ್ತೆರಡು ಕಿಲೋ ತಿರುಳು ದೊರೆಯುವುದು. ಎಂದರೆ, ಪಾಯಸಕ್ಕೆ ಹಾಕುವ ಗೋಡಂಬಿ ಮೂಟೆಯ ಕಾಲುಭಾಗ ಮಾತ್ರ. ಐವತ್ತು ಕಿಲೋಗೂ ಮಿಕ್ಕಿದ ಚಿಪ್ಪು ಉಳಿಯುತ್ತದೆ.

ಯಂತ್ರಗಳು ಬಂದ ಮೇಲೆ ಕತ್ತರಿಸುವ ಕೆಲಸ ಬಹುಮಟ್ಟಿಗೆ ಅವುಗಳ ಪಾಲಾಗಿದೆ. ಮೊದಲು ಅದೆಲ್ಲವೂ ಹೆಂಗಸರ ಕೈಕೆಲಸ. ವಿಂಗಡಿಸುವ ಮೇಜಿನ ಬಳಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬಳು ತನ್ನ ಬೆರಳುಗಳನ್ನು ನಮಗೆ ತೋರಿಸಿದಳು. ತುದಿಗಳು ಕಪ್ಪಾಗಿ ನುಣುಪಾಗಿದ್ದವು. "ಎಣ್ಣೆ ತಾಗಿದ್ರೆ ಕೈ ಸುಲೀತದೆ ಮಾಷ್ಟ್ರೇ. ಬೂದಿ ಹಚ್ಚಿಕೊಂಡೇ ಕೂತುಕೊಳ್ಳುವುದು. ಮನೆಗೆ ಹೋಗಿ ಮಗುವನ್ನು ಮುಟ್ಟಲಿಕ್ಕೆ ಹೆದರಿಕೆ" ಎಂದಳು. ಚಕ್ರ, ವರ್ತುಲ ಎಂದು ಬರೆಯುವವರು ಈ ಬೆರಳುಗಳನ್ನು ಒಮ್ಮೆ ನೋಡಬೇಕು.

ಆ ಸುಡುವ ರಸವೇ ಈಗ ಬೆಲೆಬಾಳುವ ಸರಕು. ಹಿಂದೆ ಬೀಜವನ್ನು ಬೆಂಕಿಯಲ್ಲಿ ಹುರಿದು ಒಡೆಯುತ್ತಿದ್ದ ಕಾಲದಲ್ಲಿ ಎಣ್ಣೆಯ ಬಹುಭಾಗ ಹೊಗೆಯಾಗಿ ಹೋಗಿ ಊರವರ ಕಣ್ಣನ್ನೂ ಗಂಟಲನ್ನೂ ಉರಿಸುತ್ತಿತ್ತು. ಅಲ್ಪಸ್ವಲ್ಪ ಸಿಕ್ಕಿದುದನ್ನು ಮೀನುಗಾರರು ದೋಣಿಗೂ ಬಲೆಗೂ ಬಳಿಯುತ್ತಿದ್ದರು. ಮನೆ ಕಟ್ಟುವವರು ಗೆದ್ದಲು ಹತ್ತದಂತೆ ಮರಕ್ಕೆ ಸವರುತ್ತಿದ್ದರು. 1920ರ ದಶಕದಲ್ಲಿ ಅಮೆರಿಕೆಯ ಮಾರ್ಟಿಮರ್ ಹಾರ್ವೆ ಎಂಬ ರಸಾಯನಶಾಸ್ತ್ರಜ್ಞನು ಈ ಎಣ್ಣೆಯ ಗುಣಗಳನ್ನು ಶೋಧಿಸತೊಡಗಿದ ಮೇಲೆ ಅದರ ಜಾತಕವೇ ಬದಲಾಯಿತು. ಬಿಸಿಗೆ ಕರಗದೆ, ಉಜ್ಜಿದರೆ ಬೇಗ ಸವೆಯದೆ ನಿಲ್ಲುವ ರಾಳವನ್ನು ಇದರಿಂದ ಮಾಡಬಹುದು. ಆದುದರಿಂದ ಮೋಟಾರಿನ ಬ್ರೇಕಿನ ಪಟ್ಟಿಗಳಲ್ಲಿ, ಹಡಗಿಗೆ ಬಳಿಯುವ ಬಣ್ಣದಲ್ಲಿ ಇದು ಸೇರಿತು. ನಾವು ಕುಳಿತುಬಂದ ಬಸ್ಸು ಬೈಲೂರಿನ ಇಳಿಜಾರಿನಲ್ಲಿ ಕಿರ್ರೆಂದು ನಿಂತಾಗ ಅದರಲ್ಲಿ ಗೇರುಬೀಜದ ಪಾಲೂ ಇದ್ದಿರಬಹುದು.

ಚಿಪ್ಪನ್ನು ಗೇರು ಕಾರಖಾನೆಯವರು ತಾವೇ ಇಟ್ಟುಕೊಂಡು ಮಾಡುವುದೇನೂ ಇಲ್ಲ. ರಾಶಿ ಹಾಕಿದರೆ ಅದು ಎಣ್ಣೆ ಕಾರುತ್ತ ಒಳಗೊಳಗೇ ಕಾವೇರಿ ಬೆಂಕಿಯ ಭಯ ಹುಟ್ಟಿಸುತ್ತದೆ. ಆದುದರಿಂದ ಎಣ್ಣೆ ಹಿಂಡುವ ಮಿಲ್ಲಿನವನು ವಾರ ವಾರವೂ ತಪ್ಪದೆ ಬಂದು ಒಯ್ಯಬೇಕು. ಅವನು ಹಿಂಡಿದರೆ ಚಿಪ್ಪಿನ ತೂಕದ ಐದನೆಯ ಒಂದು ಪಾಲಿನ ಆಸುಪಾಸು ಎಣ್ಣೆ. ಅದನ್ನು ರಾಳ ಮಾಡುವ ಕಂಪನಿಗಳು ಕೊಳ್ಳುತ್ತವೆ. ಅಮೆರಿಕೆಯ ಕಾರ್ಡೋಲೈಟ್ ಕಂಪನಿಯು ಇದಕ್ಕಾಗಿಯೇ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಕಾರಖಾನೆಯನ್ನು ಕಟ್ಟಿತು. ಹಿಂಡಿ ಉಳಿದ ಚಿಪ್ಪಿನ ಹಿಂಡಿಯು ಒಳ್ಳೆಯ ಉರುವಲು. ಅದು ಲಾರಿ ಏರಿ ಬೇರೆ ಬೇರೆ ಕಾರಖಾನೆಗಳ ಬಾಯ್ಲರುಗಳಿಗೆ ಹೋಗುವುದಲ್ಲದೆ, ಕೆಲವೊಮ್ಮೆ ತಾನು ಹುಟ್ಟಿದ ಗೇರು ಕಾರಖಾನೆಗೇ ಹಿಂದಿರುಗಿ ಮುಂದಿನ ಮೂಟೆಯನ್ನು ಬೇಯಿಸುತ್ತದೆ. ತಿರುಳಿನ ಕೆಂಪು ಸಿಪ್ಪೆಯಲ್ಲಿ ಒಗರಿನ ಅಂಶವಿರುವುದರಿಂದ ತೊಗಲು ಹದಮಾಡುವವರು ಅದನ್ನು ಕೊಳ್ಳುತ್ತಾರೆ.

ಇಷ್ಟೆಲ್ಲವನ್ನು ಯಾವ ಸರಕಾರದ ಯೋಜನೆಯೂ ಮಾಡಿಸಲಿಲ್ಲ. ನಮ್ಮ ಶಿಷ್ಯನನ್ನು, ಕರಾರು ಪತ್ರಗಳಿವೆಯೇ ಎಂದು ಕೇಳಿದೆವು. ಅವನು ನಕ್ಕು, "ಪತ್ರ ಉಂಟು ಮಾಷ್ಟ್ರೇ, ಆದರೆ ಪತ್ರದಿಂದ ನಡೆಯುವುದಲ್ಲ. ಕಲ್ಲೆಣ್ಣೆ ಅಗ್ಗವಾದ ವರ್ಷ ಅದರಿಂದ ತೆಗೆಯುವ ಫಿನಾಲೂ ಅಗ್ಗ, ಆಗ ನಮ್ಮ ಚಿಪ್ಪೆಣ್ಣೆಯನ್ನು ಕೇಳುವವರಿಲ್ಲ. ಆಗಲೂ ಮಿಲ್ಲಿನವರು ಲಾರಿ ನಿಲ್ಲಿಸಲಿಲ್ಲ. ಮರುವರ್ಷ ದರ ಏರಿದಾಗ ಬೇರೆಯವರು ಹೆಚ್ಚು ಕೊಡುತ್ತೇನೆಂದು ಬಂದರು, ನಮ್ಮ ಧಣಿಗಳು ಕೊಡಲಿಲ್ಲ" ಎಂದನು. ಡೆನ್ಮಾರ್ಕ್ ದೇಶದ ಕಲುಂಡ್‌ಬೋರ್ಗ್ ಎಂಬ ಚಿಕ್ಕ ರೇವುಪಟ್ಟಣದ ವಿಷಯವನ್ನು ನಾವು ಓದಿದ್ದೆವು. ಅಲ್ಲಿ 1972ರಲ್ಲಿ ಎಣ್ಣೆ ಶುದ್ಧಿಯ ಕಾರಖಾನೆಯು ತನಗೆ ಬೇಡವಾದ ಅನಿಲವನ್ನು ನೆರೆಯ ಜಿಪ್ಸಂ ಹಲಗೆಯ ಕಾರಖಾನೆಗೆ ಕೊಡತೊಡಗಿತು. ತರುವಾಯ ವಿದ್ಯುತ್ ಸ್ಥಾವರದ ಹಬೆ, ಅದರ ಹೊಗೆಯಿಂದ ಬಂದ ಜಿಪ್ಸಂ, ಔಷಧ ಕಾರಖಾನೆಯ ಕೆಸರು, ಎಲ್ಲವೂ ಒಬ್ಬರಿಂದೊಬ್ಬರಿಗೆ ಹರಿಯತೊಡಗಿದವು. ಪಂಡಿತರು ಬಂದು ಹೆಸರಿಡುವ ಮುಂಚೆಯೇ ಅದು ನಡೆಯುತ್ತಿತ್ತು. ಊರು ಚಿಕ್ಕದಾದುದರಿಂದ ಕಾರಖಾನೆಗಳ ಯಜಮಾನರು ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಕಾರ್ಕಳವೂ ಅಂಥ ಊರೇ.

ಆದರೆ ಈ ಸರಪಳಿಯ ಮೊದಲ ಕೊಂಡಿಯೇ ನಮ್ಮ ಕೈಯಲ್ಲಿಲ್ಲ. ಪುತ್ತೂರಿನಲ್ಲಿ 1986ರಿಂದ ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವಿದ್ದು ಒಳ್ಳೆಯ ತಳಿಗಳನ್ನು ಕೊಟ್ಟಿದ್ದರೂ, ಊರಿನ ಬೀಜ ಕಾರಖಾನೆಗಳಿಗೆ ಸಾಲದು. ಐವರಿ ಕೋಸ್ಟ್, ಬೆನಿನ್ ಮುಂತಾದ ಆಫ್ರಿಕಾ ದೇಶಗಳಿಂದ ಹಡಗಿನಲ್ಲಿ ಬರಬೇಕು. ಆ ದೇಶದವರು ಈಗ ತಮ್ಮ ಬೀಜವನ್ನು ತಾವೇ ಒಡೆಯಲು ತೊಡಗಿರುವರು. ಅದು ಅವರ ನ್ಯಾಯವಾದ ಹಕ್ಕು. ಬೀಜ ನಿಂತರೆ ಮಾತ್ರ ಇಲ್ಲಿಯ ಎಣ್ಣೆ ಮಿಲ್ಲು, ಬಾಯ್ಲರು, ಆ ಹೆಂಗಸಿನ ಮೇಜು, ಎಲ್ಲವೂ ಒಟ್ಟಿಗೇ ನಿಲ್ಲುವುವು. ಕೂಡಿ ಬಾಳುವವರಿಗೆ ಇದೂ ಒಂದು ಅಪಾಯ.

ಕಾರ್ಕಳದಲ್ಲಿ ರಾತ್ರಿ ತಂಗಿ, ಬೆಳಗ್ಗೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನಿಗೆ ಕೈಮುಗಿದು ಪಡುಬಿದ್ರಿಯ ದಾರಿ ಹಿಡಿದೆವು. ಕೆಲವೇ ಮೈಲಿಗಳಲ್ಲಿ ನಿಟ್ಟೆ. ಇಲ್ಲಿಯ ಕಾಲೇಜುಗಳು ಪ್ರಸಿದ್ಧವಾಗಿವೆ. ನಾವು ಇಳಿದುದು ಕಸದ ಮನೆಗೆ. ಅದನ್ನು ಎಂ.ಆರ್.ಎಫ್. ಎಂಬ ಮೂರಕ್ಷರಗಳಿಂದ ಕರೆಯುವುದರಿಂದ ಬಸ್ಸಿನ ನಿರ್ವಾಹಕನು, "ಟಯರಿನ ಅಂಗಡಿಗಾ?" ಎಂದು ಕೇಳಿದನು.

ಗೇರಿನ ಚಿಪ್ಪಿಗೆ ಒಡೆಯನು ಸಿಕ್ಕಿದನು. ಬಿಸ್ಕತ್ತಿನ ಹೊದಿಕೆಗೆ, ಶಾಂಪೂವಿನ ಚೀಟಿಗೆ, ಹಾಲಿನ ತೊಟ್ಟೆಗೆ? ಹಳೆಯ ಗುಜರಿಯವನು ಕಬ್ಬಿಣ, ತಾಮ್ರ, ಬಾಟಲಿ, ಕಾಗದಗಳನ್ನು ಮಾತ್ರ ಒಯ್ಯುತ್ತಿದ್ದನು. ಉಳಿದುದು ತೋಡಿಗೆ ಬೀಳುತ್ತಿತ್ತು, ಇಲ್ಲವೆ ಬಚ್ಚಲ ಒಲೆಗೆ. ಉಡುಪಿ ಜಿಲ್ಲೆಯಲ್ಲಿ ಕುಂದಾಪುರದ ಕಡೆಯ ವಂಡ್ಸೆಯಂಥ ಗ್ರಾಮಗಳು ಕಸವನ್ನು ವಿಂಗಡಿಸಿ ಮಾರುವ ಮಾದರಿಯನ್ನು ಮೊದಲೇ ತೋರಿಸಿದ್ದವು. ಆದರೆ ಒಂದು ಗ್ರಾಮದ ಪ್ಲಾಸ್ಟಿಕ್ ಒಂದು ಲಾರಿಗೂ ತುಂಬುವುದಿಲ್ಲ; ಅರ್ಧ ಲಾರಿಗೆ ಬೆಂಗಳೂರಿನ ವ್ಯಾಪಾರಿ ಬರುವುದಿಲ್ಲ. ಆದುದರಿಂದ ಕಾರ್ಕಳ, ಕಾಪು ಮೊದಲಾದ ತಾಲೂಕುಗಳ ಹಲವಾರು ಪಂಚಾಯತಿಗಳ ಒಣ ಕಸವೆಲ್ಲ ಒಂದೆಡೆ ಸೇರುವಂತೆ, ದಿನಕ್ಕೆ 10 ಟನ್ ವಿಂಗಡಿಸುವ ಶಕ್ತಿಯ ಈ ಘಟಕವನ್ನು ಕಟ್ಟಿದರು. ಗ್ರಾಮಾಂತರಕ್ಕಾಗಿ ಇಂಥದು ರಾಜ್ಯದಲ್ಲಿ ಇದೇ ಮೊದಲನೆಯದು. ಮನೆಬಾಗಿಲಿಗೆ ವಾಹನ ಬರುತ್ತದೆ, ಚಿಲ್ಲರೆ ಚಿಲ್ಲರೆಯಾಗಿ ಪಡೆಯುತ್ತದೆ, ಒಂದೆಡೆ ಕೂಡಿಸುತ್ತದೆ. ವಾಚಕರಿಗೆ ಎರಡಾಣೆಯ ನೆನಪಾಗಿರಬೇಕು.

ಒಳಗೆ ಚಲಿಸುವ ಪಟ್ಟಿಯ ಎರಡು ಪಕ್ಕಗಳಲ್ಲಿ ಹೆಂಗಸರು ನಿಂತು ಕೈಗವಸು ತೊಟ್ಟು ಆರಿಸುತ್ತಾರೆ. ನೀರಿನ ಬಾಟಲಿ ಒಂದು ಕಡೆ; ಅದು ಮುಂದೆ ನೂಲಾಗುವುದು. ಹಾಲಿನ ತೊಟ್ಟೆ ಒಂದು ಕಡೆ, ರಟ್ಟು ಒಂದು ಕಡೆ, ಡಬ್ಬಿ ಒಂದು ಕಡೆ. ಆರಿಸಿದುದನ್ನು ಯಂತ್ರವು ಒತ್ತಿ ಹುಲ್ಲಿನ ಹೊರೆಯಂತೆ ಕಟ್ಟುವುದು. ಕಟ್ಟಡ ಮತ್ತು ಯಂತ್ರ ಸಾರ್ವಜನಿಕ ಹಣದ್ದು, ಸಂಗ್ರಹ ಪಂಚಾಯತಿಯದು, ಕೊಳ್ಳುವವರು ಹತ್ತು ಊರಿನ ಕಂಪನಿಗಳು. ಬಾಟಲಿಗೂ ರಟ್ಟಿಗೂ ಬೆಲೆಯುಂಟು. ತೊಡಕಿರುವುದು ಆ ಹೊಳೆಯುವ ಹೊದಿಕೆಯಲ್ಲಿ. ಪ್ಲಾಸ್ಟಿಕ್ಕನ್ನೂ ಅಲ್ಯುಮಿನಿಯಮ್ಮನ್ನೂ ಪದರ ಪದರವಾಗಿ ಅಂಟಿಸಿ ಮಾಡಿದ ಅದನ್ನು ಬಿಡಿಸುವುದು ಕಷ್ಟ. ಸಿಮೆಂಟಿನ ಗೂಡಿನಲ್ಲಿ ಕಲ್ಲಿದ್ದಲಿನೊಡನೆ ಉರಿಸುವುದೇ ಸಾಮಾನ್ಯವಾದ ಗತಿ. ಅದಕ್ಕೆ ಗೂಡಿನವನು ಬೆಲೆ ಕೊಡುವುದಿರಲಿ, ಅಲ್ಲಿಗೆ ಒಯ್ಯುವ ಲಾರಿಯ ಬಾಡಿಗೆಯನ್ನು ನಾವೇ ತೆರಬೇಕು. ಈ ಬಾಡಿಗೆ ಯಾರದು? 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೂ 2022ರ ಫೆಬ್ರವರಿಯಲ್ಲಿ ಸೇರಿಸಿದ ತಿದ್ದುಪಡಿಯೂ ಹೊದಿಕೆಯಲ್ಲಿ ಸರಕು ತುಂಬಿ ಮಾರಿದ ಕಂಪನಿಯದೇ ಎಂದು ಹೇಳುತ್ತವೆ. ಕಂಪನಿಯು ತಾನು ಪೇಟೆಗೆ ಬಿಟ್ಟಷ್ಟು ತೂಕಕ್ಕೆ ಲೆಕ್ಕ ತೋರಿಸಬೇಕು, ಇಲ್ಲವೆ ವಿಲೇವಾರಿ ಮಾಡಿದವರಿಂದ ಪ್ರಮಾಣಪತ್ರವನ್ನು ಕೊಳ್ಳಬೇಕು. ನ್ಯಾಯ ಸರಿಯಾಗಿದೆ. ಆದರೆ ಗೇರು ಕಾರಖಾನೆಯವನಿಗೂ ಎಣ್ಣೆ ಮಿಲ್ಲಿನವನಿಗೂ ಇದ್ದ ಮುಖಪರಿಚಯ ಇಲ್ಲಿ ಇಲ್ಲ. ಬಿಸ್ಕತ್ತು ಮಾಡಿದವನು ಮುಂಬಯಿಯಲ್ಲಿ, ಹೊದಿಕೆಯನ್ನು ಹೆಕ್ಕುವವಳು ನಿಟ್ಟೆಯಲ್ಲಿ. ನಡುವೆ ಕಾಗದ ಮಾತ್ರ ಓಡಾಡುತ್ತದೆ.

"ಎಂತ ಮಾಡುವುದು, ಒಬ್ಬರು ಮನೆಯಲ್ಲಿ ತೊಳೆದು ಒಣಗಿಸಿ ಕೊಡ್ತಾರೆ, ಇನ್ನೊಬ್ಬರು ಅದರಲ್ಲೇ ಸಾರಿನ ಮೀನುಮುಳ್ಳು ಹಾಕ್ತಾರೆ. ಆಗ ಇಡೀ ಚೀಲ ಹೋಯ್ತು" ಎಂದು ಪಟ್ಟಿಯ ಬಳಿಯ ಹೆಂಗಸು ನಮಗೆ ಹೇಳಿದಳು. ಶೇಷವೂ ಉಚ್ಛಿಷ್ಟವೂ ಬೇರಾಗುವ ಸ್ಥಳ ನಮ್ಮ ಅಡಿಗೆಮನೆಯೇ ಎಂಬುದನ್ನು ಅವಳಷ್ಟು ಸ್ಪಷ್ಟವಾಗಿ ಯಾವ ಭಾಷ್ಯಕಾರನೂ ಹೇಳಿರಲಾರನು. ಒದ್ದೆಯಾದ ರಟ್ಟಿಗೆ ಅರ್ಧ ಬೆಲೆಯೂ ಬರುವುದಿಲ್ಲವೆಂದು ಅವಳೇ ತಿಳಿಸಿದಳು.

ನಿಟ್ಟೆಯಿಂದ ಬೆಳ್ಮಣ್ಣು ದಾಟಿ ನಂದಿಕೂರಿಗೆ ಬರುವಾಗ ಎಲ್ಲೂರಿನ ವಿದ್ಯುತ್ ಸ್ಥಾವರದ ಎತ್ತರವಾದ ಹೊಗೆಗೊಳವೆ ತೆಂಗಿನ ತಲೆಗಳ ಮೇಲೆ ಕಾಣಿಸಿಕೊಂಡಿತು. ತಲಾ 600 ಮೆಗಾವಾಟಿನ ಎರಡು ಘಟಕಗಳು; 2015ರಲ್ಲಿ ಅದಾನಿ ಕಂಪನಿಯ ಕೈಸೇರಿದವು. ಹೊರದೇಶದ ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿಳಿದು ರೈಲಿನಲ್ಲಿ ಇಲ್ಲಿಗೆ ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಬೂದಿಯಿರುವುದುಂಟು. ಹೊರದೇಶದ್ದರಲ್ಲಿ ಬಹಳ ಕಡಿಮೆ. ಆದರೂ ಇಷ್ಟು ದೊಡ್ಡ ಒಲೆಯ ಬೂದಿ ಸಣ್ಣದಲ್ಲ. ಬೂದಿಯನ್ನು ಸಿಮೆಂಟಿನಲ್ಲಿ ಶೇಕಡ 35ರವರೆಗೆ ಬೆರೆಸಬಹುದು, ಇಟ್ಟಿಗೆಯನ್ನೂ ಮಾಡಬಹುದು. ಬಹಳ ಕಾಲ ಯಾರೂ ಮಾಡಲಿಲ್ಲ. 1999ರ ಸೆಪ್ಟೆಂಬರಿನಲ್ಲಿ ಭಾರತ ಸರಕಾರವು ಅಧಿಸೂಚನೆ ಹೊರಡಿಸಿ, ಸ್ಥಾವರದ 50 ಕಿಲೋಮೀಟರಿನ ಸುತ್ತಿನಲ್ಲಿ ಇಟ್ಟಿಗೆ ಸುಡುವವರು ಮಣ್ಣಿನೊಡನೆ ಕಾಲುಪಾಲು ಬೂದಿಯನ್ನು ಬೆರೆಸಬೇಕೆಂದು ವಿಧಿಸಿದ ಮೇಲೆ ವ್ಯಾಪಾರ ಕುದುರತೊಡಗಿತು. ಇಲ್ಲಿ ಕಂಪನಿಗಳನ್ನು ಕೂಡಿಸಿದುದು ಸ್ನೇಹವಲ್ಲ, ಕಾನೂನು.

ಬೂದಿಗೆ ಗಿರಾಕಿ ಸಿಕ್ಕಿದರೂ ಎಲ್ಲೂರಿನವರ ದುಃಖ ತೀರಲಿಲ್ಲ. ಸ್ಥಾವರವನ್ನು ತಂಪು ಮಾಡುವ ಉಪ್ಪುನೀರಿನ ತುಂತುರೂ ದೂಳೂ ತಮ್ಮ ಬೆಳೆಗೂ ಬಾವಿಗೂ ಕೇಡು ಮಾಡಿದವೆಂದು ಅವರು ವರ್ಷಗಟ್ಟಲೆ ದೂರಿದರು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2019ರಲ್ಲಿ ಕಂಪನಿಯು ಮಧ್ಯಂತರವಾಗಿ 5 ಕೋಟಿ ರೂಪಾಯಿಗಳನ್ನು ಕಟ್ಟಬೇಕೆಂದು ಆಜ್ಞಾಪಿಸಿತು. ಬೂದಿಯನ್ನು ಲಾರಿಯಲ್ಲಿ ತುಂಬಬಹುದು. ಗದ್ದೆಗೆ ಬಿದ್ದ ಉಪ್ಪನ್ನು ಯಾವ ಲಾರಿಯಲ್ಲಿ ತುಂಬುವುದು? ಯಾರ ಲೆಕ್ಕದ ಪುಸ್ತಕದಲ್ಲಿಯೂ ಅದಕ್ಕೊಂದು ಅಂಕಣವಿರಲಿಲ್ಲ.

ಕಾಪುವಿಗೆ ತಲಪಿದಾಗ ಬಿಸಿಲು ಇಳಿದಿತ್ತು. ಬಂಡೆಯ ಮೇಲಿನ ದೀಪಸ್ತಂಭವು 1901ರದು; ಮೇಲೇರಿದರೆ ತೆಂಕಬಡಗಾಗಿ ಕಡಲ ಕರೆ ಉದ್ದಕ್ಕೂ ಕಾಣುತ್ತದೆ. ಮರಳಿನಲ್ಲಿ ಕೈರಂಪಣಿಯವರು ಬಲೆ ಎಳೆಯುತ್ತಿದ್ದರು. ಎರಡು ಕೊನೆಗಳಲ್ಲಿ ಹತ್ತಾರು ಜನ ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುತ್ತ ತರುವ ಹಳೆಯ ಕ್ರಮ. ಬಲೆ ದಡಕ್ಕೆ ಬಂದಾಗ ಮೀನು ಬುಟ್ಟಿಗೆ ಹೋಯಿತು. ಅದರೊಡನೆ ಬಂದುದನ್ನು, ಹರಿದ ನೈಲಾನು ಬಲೆಯ ತುಂಡು, ಚಪ್ಪಲಿ, ಬಾಟಲಿ, ಮಾಸಿದರೂ ಇನ್ನೂ ಹೊಳೆಯುವ ಹೊದಿಕೆಗಳು, ಇವನ್ನು ಒಬ್ಬ ಹುಡುಗನು ಗೋಣಿಯೊಂದರಲ್ಲಿ ತುಂಬುತ್ತಿದ್ದನು. ಇದನ್ನು ಏನು ಮಾಡುತ್ತೀರಿ ಎಂದು ಕೇಳಿದೆವು.

"ಬಾಟಲಿ ಗುಜರಿಗೆ ಹೋಗ್ತದೆ. ಬಾಕಿದ್ದು ಪುರಸಭೆ ಗಾಡಿಗೆ" ಎಂದು ಹಿರಿಯ ಮೀನುಗಾರರೊಬ್ಬರು ಹೇಳಿದರು. "ಮೊದಲು ತಿರುಗಿ ನೀರಿಗೇ ಬಿಸಾಡ್ತಿದ್ದೆವು. ನಾಳೆ ಎಳೆದಾಗ ಅದೇ ಬರ್ತಿತ್ತು."

ಹುಡುಗನು ಗೋಣಿಯ ಬಾಯಿಯನ್ನು ಹಳೆಯ ಬಲೆಯ ದಾರದಿಂದಲೇ ಕಟ್ಟಿ, ಬೆಳಗಿನ ಗಾಡಿಗಾಗಿ ರಸ್ತೆಯ ಬದಿಯ ತೆಂಗಿನ ಬುಡದಲ್ಲಿ ಒರಗಿಸಿದನು.